ಬೀಗವಿಲ್ಲದ ಬಾಗಿಲು

"ಕೆಳಗಿನ ಬಿಜಾಗರಿ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ, ಆಂಟಿ," ಎಂದು ಫೆಲೆಟಿ ಒಳಗಿದ್ದ ಬೆವ್‌ಗೆ ಕೇಳುವಂತೆ ಕೂಗಿದ.

ಸ್ಕ್ರೂಗಳ ತಲೆಯ ಗೀರಿನಲ್ಲಿ ಕೆಂಪು ಬಣ್ಣ ಕಲ್ಲಾಗಿ ಕೂತಿತ್ತು. ಅವನು ಸೊಂಟದಲ್ಲಿ ನೇತಾಡುತ್ತಿದ್ದ ಗೊಂಚಲಿನಿಂದ ಒಂದು ಪುಟ್ಟ ಹಿತ್ತಾಳೆ ಕೀಲಿಯನ್ನು ಆರಿಸಿ, ಅದರ ತುದಿಯಿಂದ ಗೀರನ್ನು ಕೆದಕತೊಡಗಿದ. ಯಾವ ಬೀಗಕ್ಕೂ ಹೊಂದದ ಕೀಲಿ, ಆದರೆ ಇಂಥ ಕೆಲಸಕ್ಕೆ ಇದರಂಥದ್ದು ಇನ್ನೊಂದಿಲ್ಲ ಎಂದು ನಕ್ಕ.

ನೋಲಾ ಕ್ವಿನ್‌ಗೆ ನಗು ಬರಲಿಲ್ಲ. ಚರ್ಚಿನ ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಬೆಳಿಗ್ಗೆಯಿಂದ ಕೂತಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಗಾಳಿ ಸತ್ತುಹೋಗಿತ್ತು. ಉದುರಿದ ಜಕರಂಡಾ ಹೂಗಳು ಕಾಲಡಿ ಕೊಳೆತು ಜಾರುತ್ತಿದ್ದವು.

ಇವತ್ತು ಶನಿವಾರ. ಸೋಮವಾರ ಮ್ಯಾಜಿಸ್ಟ್ರೇಟರು ಚಿತ್ರಕಾರ ಕೆಲ್ ಡಾಸನ್ ಸಾವಿನ ವಿಚಾರಣೆ ಮುಗಿಸುತ್ತಾರೆ. ಮೂರು ವರ್ಷದ ಹಿಂದೆ ಗ್ಯಾಲರಿಗೆ ಬೆಂಕಿಯಿಟ್ಟು ಅವನನ್ನು ಕೊಂದವನು ಫೆಲೆಟಿ ತುವಾಲಾ ಎಂದು ಬರೆಯುತ್ತಾರೆ. ಅಲ್ಲಿಂದ ಬಂಧನ, ಮೊಕದ್ದಮೆ, ಸೆರೆಮನೆ. ಪೊಲೀಸ್ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆ ಮಾಡುತ್ತಿದ್ದ ನೋಲಾಳ ಕೈ ಹಿಡಿದು ಅವನ ತಾಯಿ ಮೆರಿ, "ನನ್ನ ಮಗ ಕೋಪಿಷ್ಠ, ಸುಳ್ಳ ಅಲ್ಲ," ಅಂದಿದ್ದಳು. ಆ ಒಂದು ಮಾತು ಬಿಟ್ಟರೆ ನೋಲಾಳ ಹತ್ತಿರ ಬೇರೆ ಏನೂ ಇರಲಿಲ್ಲ.

ಅವನು ಸುಳ್ಳನೋ ಅಲ್ಲವೋ ಎಂಬುದೇ ಇಡೀ ಪ್ರಕರಣ. ಆ ರಾತ್ರಿ ಓಣಿಯಲ್ಲಿ ಬೆಂಕಿ ಕಂಡು ಓಡಿಬಂದೆ, ಒಳಗೆ ಕೆಲ್ ಬಡಿಯುತ್ತಿದ್ದ, ಹೊಗೆಯಲ್ಲಿ ಕಣ್ಣು ಕಾಣದೆ ಭುಜ ಕೊಟ್ಟು ತಳ್ಳಿದರೂ ಬಾಗಿಲು ತೆರೆಯಲಿಲ್ಲ ಎಂದು ಫೆಲೆಟಿ ಹೇಳಿದ್ದ. ಸುಟ್ಟ ಅಂಗೈಗಳನ್ನು ತೋರಿಸಿದ್ದ. ಬೆಂಕಿ ಹಚ್ಚುವಾಗಲೂ ಅಂಗೈ ಸುಡುತ್ತದೆ ಎಂದು ಪೊಲೀಸರು ಹೇಳಿದ್ದರು. ಗ್ಯಾಲರಿಯ ಒಡತಿ ಬೆವ್ ಹಾರ್ಗ್ರೀವ್ ಪ್ರಮಾಣ ಮಾಡಿ ಹೇಳಿದ್ದು ಒಂದೇ ಸಾಲು: ಆ ಬಾಗಿಲಿಗೆ ಯಾವತ್ತೂ ಹೊರಗಡೆ ಬೀಗ ಇರಲಿಲ್ಲ.

ಅದು ಊರಿಗೆಲ್ಲ ಗೊತ್ತಿದ್ದ ಮಾತು. ಸ್ನ್ಯಾಪರ್ ಗ್ಯಾಲರಿಗೆ ಗೋಡೆ ಸ್ವಂತದ್ದಲ್ಲ, ಸೂರು ಸ್ವಂತದ್ದಲ್ಲ. ಸ್ವಂತದ್ದು ಇದೊಂದೇ ಬಾಗಿಲು. ಬೆವ್ ಮತ್ತು ಕೆಲ್ ಗಬ್ಬಾ ಬಡಾವಣೆಯ ಮೀನಂಗಡಿಯ ಮಹಡಿಯಲ್ಲಿ ಗ್ಯಾಲರಿ ಶುರುಮಾಡಿದಾಗ ಇದು ಮೆಟ್ಟಿಲ ಕೆಳಗಿದ್ದ ಪಕ್ಕದ ಬಾಗಿಲು. ಆಗ ನೀಲಿ. ಮೀನಂಗಡಿ ಮುಚ್ಚಿದಾಗ ಇಬ್ಬರೂ ಬಾಗಿಲನ್ನು ಕಿತ್ತು ಹೊತ್ತುಕೊಂಡು ವೆಸ್ಟ್ ಎಂಡ್‌ನ ಚಪ್ಪಲಿ ರಿಪೇರಿ ಶೆಡ್ಡಿಗೆ ಹೋದರು. ಅಲ್ಲಿ ಚೌಕಟ್ಟು ಗಿಡ್ಡ, ಬುಡ ಹೆರೆದು ಕೂರಿಸಿದರು, ಬೂದು ಬಣ್ಣ ಬಳಿದರು. ಟೆನೆರಿಫ್‌ನ ಉಣ್ಣೆ ಗೋದಾಮಿನಲ್ಲಿ ಚೌಕಟ್ಟು ಎತ್ತರ, ಹೆರೆದ ಬುಡಕ್ಕೆ ಪಟ್ಟಿ ಹೊಡೆದು ಹಸಿರು ಮಾಡಿದರು. ಗೋದಾಮು ಸುಟ್ಟಮೇಲೆ ಪ್ಯಾಡಿಂಗ್ಟನ್ ಚರ್ಚಿನ ಈ ಹಜಾರ, ಕೆಂಪು. ಈಗ ಚರ್ಚಿನವರು ಹಜಾರ ಮಾರಿದ್ದಾರೆ.

ನಿಯಮ ಮೂರೇ. ಜಾಗ ಬದಲಿಸುವಾಗ ಬಾಗಿಲು ಮೊದಲು, ಮಿಕ್ಕಿದ್ದು ಆಮೇಲೆ. ಹೊಸ ಜಾಗಕ್ಕೆ ಹೊಸ ಬಣ್ಣ. ಬೀಗ ಯಾವತ್ತೂ ಇಲ್ಲ. ಚಿತ್ರ ಕದಿಯುವಷ್ಟು ಕಲಾಪ್ರೇಮಿ ಕಳ್ಳ ಈ ಊರಲ್ಲಿದ್ದರೆ ಅವನಿಗೆ ಟೀ ಕೊಟ್ಟು ಮೆಂಬರ್ ಮಾಡಿಕೊಳ್ಳೋಣ ಎಂದು ಕೆಲ್ ಹೇಳುತ್ತಿದ್ದನಂತೆ.

ಫೆಲೆಟಿ ಸುತ್ತಿಗೆ ಎತ್ತಿದ. ಹಿಡಿಯ ಸುತ್ತ ಹಳದಿ ಬಣ್ಣದ ಪಟ್ಟೆ. ಸ್ನ್ಯಾಪರ್‌ನಲ್ಲಿ ಎಲ್ಲರೂ ಎಲ್ಲರ ಹತಾರಗಳನ್ನು ಎತ್ತಿಕೊಳ್ಳುತ್ತಾರೆ, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಬೆವ್ ಬಿಳಿ, ಕೆಲ್ ನೀಲಿ, ಫೆಲೆಟಿ ಹಳದಿ. ಎರಡು ಏಟಿಗೆ ಬಿಜಾಗರಿ ಸಡಿಲಿತು. ನೋಲಾ ಒಂದು ತುದಿ ಹಿಡಿದಳು. ಇಬ್ಬರೂ ಬಾಗಿಲನ್ನು ಹೊರಮೈ ಮೇಲೆ ಮಾಡಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದರು.

ಓಣಿಯಲ್ಲಿ ನಿಂತಿದ್ದ ಲಾರಿಯಿಂದ ಡ್ರೈವರ್ ತಲೆ ಹೊರಹಾಕಿ, ಏರಿಸೋಣವಾ ಎಂದು ಕೇಳಿದ. ಕೈಯಲ್ಲಿ ಅರ್ಧ ತಿಂದ ಮಾಂಸದ ಪೈ ಇತ್ತು.

"ನಿಮ್ಮ ಧಣಿಗೆ ಹೇಳು, ನಮ್ಮ ವ್ಯಾನ್ ಇದೆ ಅಂತ," ಅಂದ ಫೆಲೆಟಿ. ಆಮೇಲೆ ನೋಲಾಳ ಕಡೆ ತಿರುಗಿ, "ಸುಟ್ಟ ಗೋದಾಮಿಗೂ ಗ್ರಾಂಟ್ ಪೆಲ್ಲೇ ಓನರ್, ಈಗ ಹೋಗೋ ಮಳಿಗೆಗೂ ಅವನೇ ಓನರ್. ನಮ್ಮ ಗ್ಯಾಲರಿಗೆ ಬೇರೆ ಗಂಡೇ ಸಿಗಲಿಲ್ಲ ನೋಡಿ."

ಪೆಲ್ ಸುಟ್ಟ ಜಾಗದಲ್ಲಿ ಏಳಂತಸ್ತಿನ ಮನೆಗಳನ್ನು ಎಬ್ಬಿಸಿ ಮಾರಿದ್ದ. ಈಗ ಪಶ್ಚಾತ್ತಾಪವೋ ಪ್ರಚಾರವೋ, ಬಾಡಿಗೆಯಿಲ್ಲದೆ ಮಳಿಗೆ ಕೊಡುತ್ತೇನೆ ಅಂದಿದ್ದ. ಬೇಡ ಅಂದರೂ ಲಾರಿ ಕಳಿಸಿದ್ದ. ಬೆಂಕಿಯ ರಾತ್ರಿ ಅವನು ಸಿಡ್ನಿಯ ಒಂದು ಮದುವೆಯಲ್ಲಿ ನೂರು ಜನರ ಕಣ್ಣೆದುರು ಕುಣಿದಿದ್ದ. ಅದನ್ನು ನೋಲಾ ವಿಚಾರಿಸಿ ಖಚಿತ ಮಾಡಿಕೊಂಡಿದ್ದಳು.

ಸ್ಟೂಲು ವಾಲಿತು. ಬಾಗಿಲ ಮೂಲೆ ನೆಲಕ್ಕೆ ತಗುಲಿತು. ಕೆಂಪು ಬಣ್ಣ ಒಣ ರೊಟ್ಟಿಯ ಹಾಗೆ ಪಟಕ್ಕನೆ ಎದ್ದು ಬಂತು.

ನೋಲಾ ಬಗ್ಗಿದಳು. ಕೆಂಪಿನಡಿ ಮಸಿ. ಮಸಿಯಡಿ ಹಸಿರು. ಕಾದ ಹಾಲಿನ ಕೆನೆಯಂತೆ ಗುಳ್ಳೆ ಗುಳ್ಳೆಯಾಗಿ ಎದ್ದ ಹಸಿರು. ಬೆಂಕಿ ಹೊರಗಿನ ಓಣಿಯಲ್ಲೇ, ಬಾಗಿಲ ಪಕ್ಕ ಪೇರಿಸಿಟ್ಟ ಖಾಲಿ ಪೆಟ್ಟಿಗೆಗಳಲ್ಲೇ ಹತ್ತಿತ್ತಲ್ಲ.

ಅವಳು ಉಗುರು ಹಾಕಿ ಎಳೆದಳು. ಕೆಂಪು ಸಲೀಸಾಗಿ ಕಿತ್ತು ಬಂತು, ಅಂಗೈಯಷ್ಟು, ಮತ್ತೆ ಅಂಗೈಯಷ್ಟು. ಮಸಿ ತೊಳೆಯದೆ ಬಳಿದ ಬಣ್ಣ ಹಿಡಿಯುವುದಿಲ್ಲ. ಆದರೆ ಎದೆ ಮಟ್ಟದಲ್ಲಿ, ಬಾಗಿಲ ಅಂಚಿನ ಹತ್ತಿರ, ಒಂದು ಕಡೆ ಉಗುರು ಜಾರಿತು. ಅಲ್ಲಿ ಕೆಂಪು ಬಿಡಲಿಲ್ಲ. ಸುತ್ತಲೂ ಬಿಟ್ಟು, ಅಲ್ಲಿ ಮಾತ್ರ ಹಟ ಹಿಡಿದು ಕೂತಿತ್ತು. ಸುಮಾರು ಗೇಣುದ್ದದ, ಎರಡು ಬೆರಳಗಲದ ಪಟ್ಟಿಯಾಗಿ, ಅಂಚಿನವರೆಗೂ.

ನೋಲಾ ಬೆರಳಿನಿಂದ ಅದರ ಅಂಚನ್ನು ಸವರಿ ನೋಡಿದಳು.

ಫೆಲೆಟಿ ಆಗಲೇ ಕಣ್ಣು ಕಿರಿದು ಮಾಡಿದ್ದ. ಅವನೆದುರು ಇದನ್ನು ಬಿಚ್ಚುವುದು ಬೇಡ ಅನ್ನಿಸಿತು. ಆಸೆ ಹುಟ್ಟಿಸಿ ಸೋಮವಾರ ಕಿತ್ತುಕೊಳ್ಳುವುದು ಬೇಡ. ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ ಕಾರಿನಿಂದ ತನ್ನ ಕ್ಯಾಮೆರಾ ತರಲು ಹೇಳಿದಳು. ರೀಲು ಮುಗಿದಿದೆ, ಔಷಧಿ ಅಂಗಡಿಯಲ್ಲೇ ಸಿಗುತ್ತದೆ, ಒಂದು ಕೊಂಡು ತಾ ಅಂದಳು.

"ಯಾವುದರ ಫೋಟೋ?"

"ಹೋಗಿ ಬಾ, ಹೇಳ್ತೀನಿ."

ಅವನು ಇಳಿಜಾರಿನಲ್ಲಿ ಮರೆಯಾದ ಮೇಲೆ ನೋಲಾ ಉಳಿ ತೆಗೆದುಕೊಂಡು ಆ ಪಟ್ಟಿಯ ಕೆಂಪನ್ನು ಸವರಿ ತೆಗೆದಳು. ಅಡಿಯಲ್ಲಿ ಮಸಿಯಿಲ್ಲ, ಗುಳ್ಳೆಯಿಲ್ಲ. ನಿನ್ನೆ ಬಳಿದಂಥ ನುಣುಪು ಹಸಿರು. ಆ ಜಾಗದ ಮೇಲೆ ಏನೋ ಕೂತು ಬೆಂಕಿಯನ್ನು ತಡೆದಿತ್ತು. ಅದರ ಆಕಾರ ಯಾರಿಗಾದರೂ ಗೊತ್ತಾಗುತ್ತಿತ್ತು. ಬೀಗ ಹಾಕುವ ಕಬ್ಬಿಣದ ಪಟ್ಟಿ. ಪಟ್ಟಿ ಹಿಂದಕ್ಕೆ ಮಡಚಿದ್ದರೆ ಗುರುತು ಮೋಟಾಗಿರುತ್ತಿತ್ತು. ಇದು ಉದ್ದಕ್ಕೆ ಚಾಚಿ ಬಾಗಿಲಂಚನ್ನು ದಾಟಿತ್ತು, ಚೌಕಟ್ಟಿನ ಕೊಂಡಿಯ ಕಡೆಗೆ.

ಬಾಗಿಲನ್ನು ಹೊರಗಿನಿಂದ ಬಂದ್ ಮಾಡಲಾಗಿತ್ತು. ಫೆಲೆಟಿ ಹೇಳಿದ್ದು ನಿಜ.

ಹಾಗಾದರೆ ಪೊಲೀಸರು ಇದನ್ನು ಯಾಕೆ ನೋಡಲಿಲ್ಲ? ನೋಲಾಳಿಗೆ ಬೆಂಕಿಯಾದಾಗ ಪತ್ರಿಕೆಯಲ್ಲಿ ಬಂದಿದ್ದ ಚಿತ್ರ ನೆನಪಾಯಿತು. ಕುಸಿದ ತಗಡಿನಡಿ ಹೊರಮೈ ಮೇಲಾಗಿ ಬಿದ್ದಿದ್ದ ಬಾಗಿಲನ್ನು, ಜೆಸಿಬಿ ಬರುವ ಮುಂಚೆ ಎಳೆದು ತೆಗೆದು, ಬೆನ್ನ ಮೇಲೆ ಹೊತ್ತು ನಡೆದಿದ್ದ ಬೆವ್. ಕೆನ್ನೆ ತುಂಬ ಮಸಿ, ಕಣ್ಣೀರು. ಕಾವಲಿದ್ದ ಪೊಲೀಸನೇ ಒಂದು ತುದಿಗೆ ಕೈಕೊಟ್ಟಿದ್ದ. ಊರೇ ಆ ಚಿತ್ರ ನೋಡಿ ಅತ್ತಿತ್ತು. ಸಾಕ್ಷಿ ಹಾಡಹಗಲೇ ನಡೆದು ಹೋಗುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸ್ನ್ಯಾಪರ್‌ನವರು ಬಾಗಿಲು ಹೊರುವುದು ವಾಡಿಕೆ ತಾನೇ.

ಆ ಹಸಿರಿನಲ್ಲಿ ನಾಲ್ಕು ಚುಕ್ಕೆಗಳಿದ್ದವು. ಸ್ಕ್ರೂ ತೂತುಗಳು, ಮುಚ್ಚಿದವು. ಪುಟ್ಟಿಯಲ್ಲ. ಮರದ ಬಿರಡೆ. ಪ್ರತಿ ಬಿರಡೆಯ ಸುತ್ತ ಕೂದಲೆಳೆಯಷ್ಟು ತೆಳುವಾದ ಕಂದು ಮೆರುಗಿನ ಉಂಗುರ.

ನೋಲಾ ನೆಟ್ಟಗಾದಳು. ಹಜಾರದ ಒಳಗಿಂದ ಟಕ್ ಟಕ್ ಎಂದು ಸಣ್ಣ ಸದ್ದು ಬೆಳಿಗ್ಗೆಯಿಂದಲೂ ಬರುತ್ತಲೇ ಇತ್ತು.

ಗುಡುಗಿತು. ಮಳೆ ಬಿದ್ದರೆ ಗತಿಯೇನು ಎಂದು ಮೂಲೆಯಲ್ಲಿದ್ದ ಹಳೆಯ ಕಂಬಳಿ ಎಳೆದು ಬಾಗಿಲಿಗೆ ಹೊದಿಸಿ, ಒಳಗೆ ಹೋದಳು.

ಬೆವ್ ಹಾರ್ಗ್ರೀವ್ ಖಾಲಿ ಹಜಾರದ ಗೋಡೆಗೆ ಮುಖಮಾಡಿ ಕೂತಿದ್ದಳು. ಅರವತ್ತು ದಾಟಿದ ಹೆಂಗಸು, ಗಂಡಸರ ಅಂಗಿ, ಬಿಳಿ ಬಣ್ಣ ಮೆತ್ತಿದ ಮೊಣಕೈ. ಬಿಟ್ಟುಹೋಗುವ ಗೋಡೆಯ ತೂತುಗಳನ್ನು ಮುಚ್ಚಿ ಹೋಗುವುದು ಅವಳ ಹಟ. ಉಳಿದ ಕಲಾವಿದರು ಪುಟ್ಟಿ ಬಳಿಯುತ್ತಾರೆ, ಸೋಮಾರಿಗಳು ಟೂತ್‌ಪೇಸ್ಟ್ ಒತ್ತುತ್ತಾರೆ. ಬೆವ್ ಮಾತ್ರ ಸವೆದ ಕುಂಚಗಳ ಹಿಡಿಯ ತುದಿ ಕತ್ತರಿಸಿ, ಅಂಟು ಸವರಿ, ತೂತಿಗೆ ಬಡಿದು, ಉಳಿಯಿಂದ ಸಮ ಮಾಡುತ್ತಾಳೆ. ಅವಳ ಮಡಿಲಲ್ಲಿ ಕಂದು ಮೆರುಗಿನ ಹಿಡಿಗಳ ರಾಶಿಯಿತ್ತು.

"ನೀನು ಬೆಳಿಗ್ಗೆಯಿಂದ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಡ್ತಿದೀಯ, ನೋಲಾ. ಫ್ಲಾಸ್ಕಲ್ಲಿ ಟೀ ಇದೆ ಕುಡಿ," ಅಂದಳು ತಿರುಗದೆ.

"ಬೆವ್, ಬೀಗದ ಪಟ್ಟಿ ಎಲ್ಲಿ?"

ಟಕ್ ಟಕ್ ನಿಂತಿತು.

"ಯಾವ ಪಟ್ಟಿ?"

"ಹಸಿರು ಬಾಗಿಲಿನದು. ನಾಲ್ಕು ಸ್ಕ್ರೂ. ನಾಲ್ಕು ತೂತಿಗೂ ನಿನ್ನ ಕುಂಚದ ಹಿಡಿ ಬಡಿದಿದೀಯ."

ಬೆವ್ ಕೈಯಲ್ಲಿದ್ದ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. ಇಷ್ಟು ವರ್ಷ ಚಾಳಿ ಬಿಡಲಿಲ್ಲ ನೋಡು, ಕಳ್ಳತನಕ್ಕೂ ನೀಟಾಗಿ ಬಿರಡೆ ಹಾಕಿದೆ ಎಂದು ತನಗೆ ತಾನೇ ಗೊಣಗಿದಳು.

"ನೀನು ಪ್ರಮಾಣ ಮಾಡಿ ಹೇಳಿದ ಒಂದು ಸುಳ್ಳಿಗೆ ಆ ಹುಡುಗ ಜೈಲಿಗೆ ಹೋಗ್ತಾನೆ. ಗೊತ್ತಾ ನಿಂಗೆ?"

"ಗೊತ್ತು. ಅವನನ್ನು ಉಳಿಸೋಕೇ ಹೇಳಿದ ಸುಳ್ಳದು."

ನೋಲಾ ಎದುರಿನ ಪೆಟ್ಟಿಗೆಯ ಮೇಲೆ ಕೂತಳು. ಬೆಳಿಗ್ಗೆಯಿಂದ ಮೊದಲ ಸಲ.

ಬೆವ್ ಹೇಳುತ್ತಾ ಹೋದಳು, ಅವಸರವಿಲ್ಲದೆ, ಬೇರೆ ಯಾರದೋ ವಿಷಯದಂತೆ. ಬೀಗವಿಲ್ಲದ ಗ್ಯಾಲರಿಗೆ ವಿಮೆಯಿಲ್ಲ, ವಿಮೆಯಿಲ್ಲದವರಿಗೆ ಜಾಗವಿಲ್ಲ ಎಂದು ಪೆಲ್ ತಿಂಗಳುಗಟ್ಟಲೆ ಪೀಡಿಸಿದ್ದ. ಕೊನೆಗೆ ಪಟ್ಟಿಯನ್ನೂ ಕೊಂಡಿಯನ್ನೂ ತಾನೇ ತಂದು ಅವಳ ಕೈಗಿಟ್ಟಿದ್ದ. ಕೆಲ್‌ಗೆ ಹೇಳಿದರೆ ಯುದ್ಧ. ಅದಕ್ಕೆ ಅವನಿಲ್ಲದ ಸಂಜೆ ನೋಡಿ ಪಟ್ಟಿ ಬಡಿದಳು. ಮಾರನೆಯ ದಿನ ಸಮಾಧಾನವಾಗಿ ಹೇಳೋಣ ಅಂದುಕೊಂಡಳು, ಆ ರಾತ್ರಿಯೇ ಬೆಂಕಿ ಬಿತ್ತು. ಕೆಲ್ ತನ್ನ ಬಾಡಿಗೆ ಮನೆ ಕಳೆದುಕೊಂಡು, ಯಾರಿಗೂ ಹೇಳದೆ, ಗೋದಾಮಿನ ಅಟ್ಟದಲ್ಲೇ ಮಲಗುತ್ತಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಬೀಗ ಹಾಕಿದ್ಯಾ?"

"ಪಟ್ಟಿ ಬಡಿದೆ. ಬೀಗ ಇನ್ನೂ ಕೊಂಡೇ ಇರಲಿಲ್ಲ ಕಣಮ್ಮ. ಬರೀ ಪಟ್ಟಿ. ಹಿಂದಕ್ಕೆ ಮಡಚಿ ಮನೆಗೆ ಹೋದೆ."

"ಮತ್ತೆ ಬೀಗ ಎಲ್ಲಿಂದ ಬಂತು?"

ಬೆವ್ ಎದ್ದಳು. ಅಡುಗೆ ಕಟ್ಟೆಯ ಮೇಲೆ ಇನ್ನೂ ಕಟ್ಟದೆ ಉಳಿದಿದ್ದ ಸಾಮಾನುಗಳ ನಡುವಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಒಳಗೆ ಒರೆಸುವ ಬಟ್ಟೆ, ಬಟ್ಟೆಯೊಳಗೆ ಅದು. ಪಟ್ಟಿ, ಕೊಂಡಿ, ಅವೆರಡನ್ನೂ ಕಚ್ಚಿಕೊಂಡ ಹಿತ್ತಾಳೆ ಬೀಗ. ಮೂರೂ ಒಂದೇ ಹೆಣಿಗೆಯಾಗಿ, ಕಪ್ಪಗೆ.

ಸುಟ್ಟ ಚೌಕಟ್ಟಿನಿಂದ ಕೊಂಡಿ ಹಾಲು ಹಲ್ಲಿನ ಹಾಗೆ ತಾನೇ ಕಳಚಿ ಬಂತಂತೆ. ಪಟ್ಟಿಯ ನಾಲ್ಕು ಸ್ಕ್ರೂಗಳನ್ನು ಅವಳು ತಗಡಿನಡಿ ಕೂತು ಬಿಚ್ಚಿದ್ದಳಂತೆ. ಹೊರಗೆ ಪೊಲೀಸನು ಅವಳು ಅಳುತ್ತಿದ್ದಾಳೆ ಅಂದುಕೊಂಡು ಮುಖ ತಿರುಗಿಸಿ ನಿಂತಿದ್ದ.

ನೋಲಾ ಬೀಗವನ್ನು ಬೆಳಕಿಗೆ ಹಿಡಿದಳು. ಅದರ ಹೊಟ್ಟೆಯ ಸುತ್ತ ಹಳದಿ ಬಣ್ಣದ ಪಟ್ಟೆ.

"ಈಗ ಗೊತ್ತಾಯ್ತಾ?" ಅಂದಳು ಬೆವ್. "ಅವತ್ತು ಮಧ್ಯಾಹ್ನ ಫೆಲೆಟಿಗೂ ಕೆಲ್‌ಗೂ ಕೈ ಕೈ ಮಿಲಾಯಿಸೋ ಜಗಳ ಆಗಿತ್ತು. ನಾನು ಇದನ್ನ ನೋಡಿದೆ. ನಂಗೆ ಮಕ್ಕಳಿಲ್ಲ, ನೋಲಾ. ಹದಿನೇಳನೇ ವಯಸ್ಸಿಗೆ ಬಂದ ಹುಡುಗ ಅವನು. ಬೀಗವೇ ಇರಲಿಲ್ಲ ಅಂದುಬಿಟ್ಟೆ. ಬೀಗ ಇಲ್ಲ ಅಂದ್ರೆ ಕೊಲೆ ಇಲ್ಲ, ಆಕಸ್ಮಿಕ ಬೆಂಕಿ. ಆಮೇಲೆ ಈ ಪುಣ್ಯಾತ್ಮ ಎದ್ದು ನಿಂತು, ಬಾಗಿಲು ತೆರೀಲಿಲ್ಲ ಅಂದ." ಅವಳ ದನಿ ಮೊದಲ ಸಲ ಒಡೆಯಿತು. "ಬಾಯಿ ಬಿಟ್ರೆ ಬೀಗ ಅವನದು. ಮುಚ್ಚಿಕೊಂಡ್ರೆ ಅವನು ಸುಳ್ಳ. ಯಾವ ಕಡೆ ಹೋಗ್ಲಿ ಹೇಳು?"

"ಅವನನ್ನ ಕೇಳ್ಬಹುದಿತ್ತು."

"ಹೌದು ಅಂದಿದ್ರೆ?"

ನೋಲಾಳ ಕಣ್ಣು ಹಳದಿಯ ಮೇಲೆಯೇ ನೆಟ್ಟಿತ್ತು. ಬೀಗವೆಲ್ಲ ಕಪ್ಪು, ಹಳದಿ ಮಾತ್ರ ಸೇವಂತಿಗೆಯ ಹಾಗೆ. ಬಾಗಿಲ ಹಸಿರು ಬೆಂದು ಗುಳ್ಳೆಯೆದ್ದ ಬೆಂಕಿಯಲ್ಲಿ ಈ ಹಳದಿ ಬಾಡಲೂ ಇಲ್ಲವೇ? ಉಳಿಯ ತುದಿಯಿಂದ ಪಟ್ಟೆಯ ಅಂಚನ್ನು ಎಬ್ಬಿಸಿದಳು. ಹಳದಿ ಸಿಪ್ಪೆಯಾಗಿ ಬಂತು. ಅಡಿಯಲ್ಲಿ ಮಸಿ.

ಬೀಗವನ್ನು ಬೆವ್‌ಳ ಕೈಗೆ ಕೊಟ್ಟಳು. ಚಿತ್ರ ಬರೆಯುವವಳಿಗೆ ವಿವರಿಸಬೇಕಾಗಿರಲಿಲ್ಲ.

ಬೆವ್ ಅದನ್ನು ತಿರುಗಿಸಿ ನೋಡಿದಳು. "ಮಸಿ ಮೇಲೆ ಬಳಿದಿದಾರೆ," ಅಂದಳು. "ಬೆಂಕಿ ಆದ್ಮೇಲೆ ಬಳಿದಿದಾರೆ."

"ಬೆಂಕಿ ಆರಿದ ಮೇಲೆ, ನೀನು ತಗಡಿನಡಿ ಹೋಗೋ ಮುಂಚೆ. ಪೊಲೀಸರ ಕಣ್ಣಿಗೆ ಬೀಳ್ಲಿ ಅಂತ. ನೀನು ಮುಂಚೆ ಹೋಗಿ ಕದ್ದುಬಿಟ್ಟೆ."

"ಹಾಗಾದ್ರೆ ನಾನು ಮೂರು ವರ್ಷ..." ಬೆವ್ ಬೀಗವನ್ನು ನೋಲಾಳ ಕೈಗೆ ವಾಪಸ್ಸು ಕೊಟ್ಟಳು.

ಅಳುವುದಕ್ಕೆ ಆಮೇಲೆ ಪುರಸೊತ್ತಿದೆ ಅಂದಳು ನೋಲಾ. ಒಂಟಿ ಬೀಗವನ್ನು ಸೋಮವಾರ ಮೇಜಿನ ಮೇಲಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರ ಕಣ್ಣಿಗೆ ಬೀಳುವುದು ಫೆಲೆಟಿಯ ಬಣ್ಣ, ಅದರಡಿಯ ಮಸಿಯಲ್ಲ. ಬೀಗ ಆ ಬಾಗಿಲಿನ ಮೇಲೆಯೇ ಕೂತಿತ್ತು ಅನ್ನಬೇಕಾದರೆ ಬಾಗಿಲು ಬೇಕು. ಪಟ್ಟಿಯನ್ನು ಆ ಹಸಿರು ಗುರುತಿನ ಮೇಲಿಟ್ಟು, ನಾಲ್ಕು ತೂತು ಹೊಂದಿಸಿ, ಫೋಟೋ ತೆಗೆಯಬೇಕು. ಈಗಲೇ.

ಇಬ್ಬರೂ ಹಿತ್ತಲಿಗೆ ಬಂದರು.

ಎರಡು ಸ್ಟೂಲುಗಳು ಎದುರುಬದುರು ನಿಂತಿದ್ದವು. ನಡುವೆ ಏನೂ ಇರಲಿಲ್ಲ. ಕೆಂಪು ಬಣ್ಣದ ಸಿಪ್ಪೆಗಳು ಹೂಗಳ ಮೇಲೆ ಹರಡಿದ್ದವು. ಆಗತಾನೇ ಎದ್ದ ಗಾಳಿಗೆ ಒಂದೊಂದೇ ಹಾರುತ್ತಿದ್ದವು.

ಓಣಿ ಖಾಲಿ. ಲಾರಿ ನಿಂತಿದ್ದಲ್ಲಿ ಪೈ ಸುತ್ತಿದ ಕಾಗದ ಬಿದ್ದಿತ್ತು.

"ಬಾಗಿಲು ಹೀಗೇ ಬಿಟ್ಟು ಬಂದಿದ್ಯಾ?" ಅಂದಳು ಬೆವ್.

"ಕಂಬಳಿ ಹೊದಿಸಿದ್ದೆ."

ಬೆವ್ ಅವಳ ಮುಖವನ್ನೇ ನೋಡಿದಳು. "ಸ್ನ್ಯಾಪರ್‌ನಲ್ಲಿ ಕಂಬಳಿ ಹೊದಿಸಿದ್ದು ಅಂದ್ರೆ ಕಟ್ಟಿ ಆಯ್ತು, ಏರಿಸಿ ಅಂತ, ನೋಲಾ. ಬಾಗಿಲು ಮೊದಲು. ಇದು ಪೆಲ್‌ಗೂ ಗೊತ್ತು, ಪೆಲ್ಲಿನ ಲಾರಿಯವನಿಗೂ ಗೊತ್ತು."

ಏರಿಸಿದ್ದು ವಾಡಿಕೆಯಿಂದಲೋ, ಉಳಿಯಿಂದ ಬಿಡಿಸಿದ ಹಸಿರು ಗುರುತನ್ನು ನೋಡಿಯೋ? ನೋಲಾ ಓಣಿಯ ತುದಿಗೆ ಓಡಿದಳು. ರಸ್ತೆಯಲ್ಲಿ ಲಾರಿಯಿಲ್ಲ, ಸದ್ದೂ ಇಲ್ಲ. ಇಳಿಜಾರನ್ನು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದವನು ಫೆಲೆಟಿ ಒಬ್ಬನೇ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ರೀಲಿನ ಪುಟ್ಟ ಡಬ್ಬಿ.

"ಬಾಗಿಲು ಹೋಯ್ತಲ್ಲ, ಲಾರಿ ಎದುರಾಯ್ತು," ಅಂದ. "ನಮ್ಮ ವ್ಯಾನಲ್ಲೇ ಒಯ್ಯೋಣ ಅಂದಿದ್ದೆ. ಈಗ ಯಾವುದರ ಫೋಟೋ ತೆಗೀತೀರ?"

ಅವನ ಕಣ್ಣು ನೋಲಾಳ ಕೈಗೆ ಇಳಿಯಿತು. ಕಪ್ಪು ಬೀಗ, ಹಳದಿ ಪಟ್ಟೆ.

"ಅದೇನು? ನನ್ನ ಬಣ್ಣ ಯಾಕಿದೆ ಅದರ ಮೇಲೆ?"

"ನಿಂದಾ?"

"ನಂಗೆ ಬೀಗವೇ ಇಲ್ಲ. ಕೆಲ್ ಬೀಗ ಕಂಡ್ರೆ ಉರೀತಿದ್ದ, ಗೊತ್ತಲ್ಲ."

ಮುಖದಲ್ಲಿ ಕಪಟ ಕಾಣಲಿಲ್ಲ. ನೋಲಾಳಿಗೆ ಅವನ ತಾಯಿಯ ಮಾತು ನೆನಪಾಯಿತು. ನಂಬಬೇಕು ಅನ್ನಿಸಿತು. ಆಗಲೇ ಅವಳ ದೃಷ್ಟಿ ಅವನ ಸೊಂಟದ ಮೇಲೆ ಬಿತ್ತು. ಗೊಂಚಲಿನಲ್ಲಿ, ಹಲ್ಲಿನ ಸಂದಿಯಲ್ಲಿ ಕೆಂಪು ಬಣ್ಣ ಕಚ್ಚಿಕೊಂಡ ಪುಟ್ಟ ಹಿತ್ತಾಳೆ ಕೀಲಿ.

"ಫೆಲೆಟಿ, ಆ ಕೀಲಿ ಎಲ್ಲಿ ಸಿಕ್ತು ನಿಂಗೆ?"

"ಇದಾ? ಗ್ಯಾಲರಿ ವ್ಯಾನಲ್ಲಿ ಸೀಟಿನ ಕೆಳಗೆ ಬಿದ್ದಿತ್ತು. ತುಂಬ ಹಿಂದೆ. ಹೇಳಿದ್ನಲ್ಲ, ಯಾವುದಕ್ಕೂ ಹೊಂದಲ್ಲ ಅಂತ."

"ಕೊಡು."

ಅವನು ಗೊಂಚಲನ್ನೇ ಬಿಚ್ಚಿ ಕೊಟ್ಟ. ಬೆವ್ ಬೇಡ ಎನ್ನುವಂತೆ ಕೈ ಎತ್ತಿದಳು. ಮಳೆಯ ಮೊದಲ ದಪ್ಪ ಹನಿ ಬೀಗದ ಮೇಲೆ ಬಿತ್ತು. ನೋಲಾ ಕೀಲಿಯನ್ನು ಒಳಗೆ ತೂರಿಸಿದಳು. ಬಿಗಿಯಾಗಿತ್ತು. ಇನ್ನೊಂದು ಚೂರು ಒತ್ತಿ ತಿರುಗಿಸಿದಳು.

ಬೀಗ ತೆರೆದುಕೊಂಡಿತು.